ಕಿವಿಗೆ ಮುಟ್ಟದ ಕೈ

ಆಗ ನಮ್ಮ ಬೇವೂರ ಕಡೆ ಹುಟ್ಟಿದ ತಾರೀಕು ಯಾರು ಬರೆದಿಡ್ತಿದ್ರು? ಬಲಗೈ ತಲಿ ಮ್ಯಾಲೆ ಹಾಸಿ ಎಡಗಿವಿ ಮುಟ್ಟಿದ್ರ ಕೂಸಿಗೆ ಸಾಲಿ ವಯಸ್ಸು ಬಂತು ಅಂತ ಲೆಕ್ಕ. ನನ್ನ ದೊಡ್ಡ ಮಗಳು ಗಂಗಾಗ ಪೋಲಿಯೋ ಬಂದು ಬಲಗೈ ಜೋತುಬಿದ್ದಿತ್ತು. ಸಾಲಿಗೆ ಹೆಸರು ಹಚ್ಚಾಕ ಕರ್ಕೊಂಡು ಹೋದಾಗ, ಎಡಗೈಲೆ ಅದನ್ನ ಎತ್ತಿ ತಲಿ ಮ್ಯಾಲೆ ಇಟ್ಕೊಂಡ್ಲು. ಜಾರಿ ಬಿತ್ತು.

"ಇನ್ನೂ ವಯಸ್ಸಾಗಿಲ್ಲ ಯವ್ವಾ, ಬರೋ ವರ್ಷ ಕರ್ಕೊಂಡು ಬಾ" ಅಂದ್ರು ಹೆಡ್‌ಮಾಸ್ತರು.

"ಎಡಗೈ ಛಲೋ ಐತ್ರಿ ಸರ, ಅದರಲೆ ಮುಟ್ಟಿಸಿ ನೋಡ್ರಿ."

"ಹಂಗ ನಡಿಯಂಗಿಲ್ಲ."

ವರ್ಷಾ ವರ್ಷಾ ಇದೇ ಮಾತು. ಒಂದು ಸಲ ಜೊತಿಗೆ ಬಂದಿದ್ದ ಸಣ್ಣ ಮಗಳು ಪಾರಿ, ಯಾರೂ ಹೇಳದನ ಬಲಗೈ ತಲಿ ಮ್ಯಾಲೆ ಹಾಸಿ ಎಡಗಿವಿ ಹಿಡಕೊಂಡು ನಿಂತ್ಲು. ಅಕಿ ಹೆಸರು ಹಚ್ಚಿಕೊಂಡ್ರು. ಗಂಗಾಗ ಮತ್ತ ಬರೋ ವರ್ಷ ಅಂದ್ರು.

ಸಾಲಿ ಲೆಕ್ಕದಾಗ ತಂಗಿನ ದೊಡ್ಡಾಕಿ ಆದ್ಲು. ಇಬ್ಬರನ್ನೂ ಹಡದಾಕಿ ನಾನು. ಯಾರು ಮೊದಲ ಹುಟ್ಟಿದ್ಲು ಅಂತ ನನ್ನ ಯಾರೂ ಕೇಳಲಿಲ್ಲ.