ಬೂಟಿಗೆ ಹೊಂಗೆಣ್ಣೆ

ಯುದ್ಧದ ಕಾಲದಲ್ಲಿ ನಾನು ಮಿಲಿಟರಿ ಲಾರಿಗಳನ್ನು ತೊಳೆಯುವ ಕೆಲಸಕ್ಕೆ ಸೇರಿದೆ. ನಮ್ಮೂರು ಬೂದಿಗೆರೆಯ ಪಕ್ಕದ್ದು. ಲಾರಿ ಶೆಡ್ಡು ಇದ್ದದ್ದು ಬೆಂಗಳೂರಿಗೆ ಹೋಗುವ ದಾರಿಯಲ್ಲಿ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ನಡೆದು ಮನೆಗೆ ಬರುತ್ತಿದ್ದೆ. ಕೆಲಸಕ್ಕೆ ಸೇರಿದ ದಿನದಿಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದ. ಹೊಲ ಗದ್ದೆ ಇರುವ ಮನೆಯ ಮಗ ಕಂಡವರ ಗಾಡಿ ತೊಳೆಯುವುದು ಅವನ ಪ್ರಕಾರ ಕೆಲಸವೇ ಅಲ್ಲ. ನನಗೇನಾದರೂ ಹೇಳಬೇಕಾದರೆ ಎತ್ತಿಗೆ ಹೇಳುತ್ತಿದ್ದ. ಎತ್ತು ಕೇಳಿಸಿಕೊಳ್ಳುತ್ತಿತ್ತು, ನಾನೂ ಕೇಳಿಸಿಕೊಳ್ಳುತ್ತಿದ್ದೆ.

ಯಾರೋ ಸಿಪಾಯಿ ಬಿಟ್ಟುಹೋದ ಹಳೆಯ ತೊಗಲ ಬೂಟನ್ನು ಶೆಡ್ಡಿನಲ್ಲಿ ನನಗೆ ಕೊಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ನೀರಲ್ಲಿ ನಿಲ್ಲುವ ಕೆಲಸ. ಬೂಟು ಹೊಲಿಗೆಯ ಸಂದಿಯಲ್ಲಿ ನೀರು ಕುಡಿಯುತ್ತಿತ್ತು. ಕಾಲ್ಬೆರಳ ನಡುವೆ ಕೆಸರುಹುಣ್ಣು ಹತ್ತಿತು. ಶೆಡ್ಡಿನ ಕಾಂಪೌಂಡರ್ ನೋಡಿ ಮುಖ ಸಿಂಡರಿಸಿ, "ಬೂಟೊಳಗೆ ನೀರು ಇಳೀದ ಹಾಗೆ ಏನಾದ್ರೂ ಬಳ್ಕೊಂಡು ಬಾರಯ್ಯ. ಇನ್ನೊಂದ್ಸಲ ಕಾಲು ಹೀಗೇ ಇದ್ರೆ ನಿನ್ನ ಹೆಸರು ಪಟ್ಟಿಯಿಂದ ಹೊಡೆಸಿ ಮನೆಗೆ ಕಳಿಸ್ತೀನಿ" ಎಂದ. ನನಗೆ ಹೆದರಿಕೆಯಾಯಿತು. ಹುಣ್ಣಿನ ಹೆದರಿಕೆಯಲ್ಲ, ಕೆಲಸ ಕಳೆದುಕೊಂಡು ಅಪ್ಪನ ಮುಂದೆ ಹೋಗಿ ನಿಲ್ಲಬೇಕಲ್ಲ ಎಂಬ ಹೆದರಿಕೆ.

ಆ ಶನಿವಾರ ಬೂಟನ್ನು ತಂದು ಜಗಲಿಯ ಮೇಲಿಟ್ಟೆ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಬೂಟು ಮೆಟ್ಟಿದವರಲ್ಲ, ಹಾಗಾಗಿ ಎಲ್ಲರಿಗೂ ಅದರ ವಿಚಾರ ಚೆನ್ನಾಗಿ ಗೊತ್ತಿತ್ತು. ಅಜ್ಜಿ ಹರಳೆಣ್ಣೆ ಎಂದಳು. ಅವಳಿಗೆ ತಲೆನೋವಿಗೂ ಹೊಟ್ಟೆನೋವಿಗೂ ಗಾಡಿಯ ಅಚ್ಚಿಗೂ ಹರಳೆಣ್ಣೆಯೇ. ಚಿಕ್ಕಪ್ಪ ಕುರಿಕೊಬ್ಬೇ ಸರಿ, ಕರಗಿಸಿ ಬಿಸಿಬಿಸಿ ಹುಯ್ಯಬೇಕು ಎಂದ.

"ಶ್ರಾವಣ ಶನಿವಾರ ಕುರಿ ಹೆಸರು ಎತ್ತೀಯಲ್ಲೋ! ಮೊದ್ಲು ನಿನ್ನ ಬಾಯಿಗೆ ಹರಳೆಣ್ಣೆ ಬಿಡಬೇಕು" ಎಂದಳು ಅಜ್ಜಿ.

ಚಿಕ್ಕಪ್ಪ ಜೇನುಮೇಣಕ್ಕೆ ಇಳಿದ. ನಲ್ಲೂರಿನ ಹುಣಸೆ ತೋಪಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ತರುವವರು ಯಾರು? ಚಿಕ್ಕಪ್ಪನಿಗೆ ಜೇನು ಕಡಿದರೆ ಮುಖ ಊದುತ್ತದಂತೆ. ಕೊನೆಗೆ ಬೆಳಗ್ಗೆ ಹರಳೆಣ್ಣೆಯನ್ನೇ ಕಾಯಿಸುವುದೆಂದು ತೀರ್ಮಾನವಾಯಿತು. ಅಪ್ಪ ಕಂಬಕ್ಕೊರಗಿ ಎಲೆ ಅಡಿಕೆ ಅಗಿಯುತ್ತಿದ್ದ.

ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ಮೇಲೆ ಬೂಟಿಲ್ಲ. ಹುಡುಕಿಕೊಂಡು ಹೋದರೆ, ಬಾವಿಯ ಹತ್ತಿರದ ಕಲ್ಲುತೊಟ್ಟಿಯಲ್ಲಿ, ಕಪಿಲೆ ಬಾನಿಯ ಪಕ್ಕದಲ್ಲಿ ಎರಡೂ ಮುಳುಗಿ ಕೂತಿದ್ದವು. ತೇಲದಿರಲೆಂದು ಒಂದೊಂದರೊಳಗೂ ಒಂದು ಕಲ್ಲು. ಪಕ್ಕದಲ್ಲಿ ಅಪ್ಪ ನಿಂತಿದ್ದ, ಮೊಣಕೈವರೆಗೆ ಹೊಂಗೆಣ್ಣೆ.

ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುವ ಆ ಬಾನಿ ತೊಗಲಿನದು. ಅದಕ್ಕೆ ಆಗಾಗ ಹೊಂಗೆಣ್ಣೆ ತಿನ್ನಿಸಬೇಕು, ಒಣಗಲು ಬಿಡಬಾರದು. ಒಣಗಿದರೆ ಬಿರಿದು ಸೋರುತ್ತದೆ, ನೆನೆದರೆ ಹೊಲಿಗೆ ಬಿಗಿಯುತ್ತದೆ. ತೊಗಲಿನ ವಿಚಾರದಲ್ಲಿ ಅಪ್ಪನಿಗೆ ಗೊತ್ತಿದ್ದದ್ದೆಲ್ಲ ಆ ಬಾನಿ ಕಲಿಸಿದ್ದು.

ಅಪ್ಪ ಒಂದು ಬೂಟನ್ನೆತ್ತಿ, ಕಲ್ಲು ತೆಗೆದು, ದಾರದ ತೂತಿನ ಕೆಳಗಿನವರೆಗೆ ನೀರು ಬಿಟ್ಟು, ಹಗ್ಗ ಹಾಕಿ ಹೊಂಗೆ ಮರದ ಕೊಂಬೆಗೆ ನೇತುಹಾಕಿದ. ಮನೆಯವರೆಲ್ಲ ಬಂದು ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಒಂದು ತೊಟ್ಟೂ ಬೀಳಲಿಲ್ಲ.

"ನೋಡ್ಲಾ ಮಗ" ಎಂದ ಅಪ್ಪ. "ಒಳಗಿರೋ ನೀರು ಹೊರಕ್ಕೆ ಬರ್ತಿಲ್ಲ. ಹೊರಗಿಂದು ಒಳಕ್ಕೆ ಹೆಂಗೆ ಹೋಯ್ತದೆ?"

ನನಗೇ ಹೇಳಿದ. ಎತ್ತು ಆಗ ಕೊಟ್ಟಿಗೆಯಲ್ಲಿತ್ತು.

ಆ ನೀರಿನ ಜೊತೆಗೆ ನನ್ನ ಕಾಲೂ ಒಳಗಿರಬೇಕಲ್ಲ ಎಂಬುದು ನನಗೆ ಆಗಲೇ ಹೊಳೆಯಿತು. ಹೇಳಲು ಬಾಯಿ ಬರಲಿಲ್ಲ. ಅಪ್ಪ ನನ್ನನ್ನು ಮಗ ಎಂದು ಕರೆದು ತಿಂಗಳುಗಳೇ ಆಗಿದ್ದವು. ನನಗೆ ಅಳು ಬರುವಷ್ಟು ಸಂತೋಷವಾಗಿತ್ತು. ಸೋಮವಾರ ಮುಂಜಾನೆ ಬೂಟನ್ನು ತೊಟ್ಟಿಯಿಂದೆತ್ತಿ, ನೀರು ಚೆಲ್ಲಿ, ಮೆಟ್ಟಿಕೊಂಡು ಹೊರಟೆ. ಹೆಜ್ಜೆಗೊಮ್ಮೆ ಪಚಕ್ ಎನ್ನುತ್ತಿತ್ತು. "ಸಂಜೆ ಬಿಚ್ಚಿದ ಮೇಲೆ ನೀರಿಗೆ ಹಾಕೋದು ಮರೀಬೇಡ" ಎಂದು ಅಪ್ಪ ಹಿಂದಿನಿಂದ ಕೂಗಿದ. ಮರೆಯಲಿಲ್ಲ.

ಬೂಟು ಅಪ್ಪ ಹೇಳಿದ ಹಾಗೇ ಕೆಲಸ ಮಾಡಿತು. ಹೊರಗಿನ ನೀರು ಒಳಗೆ ಬರಲಿಲ್ಲ, ಒಳಗಿನದು ಹೊರಗೆ ಹೋಗಲಿಲ್ಲ. ಹೊಂಗೆಣ್ಣೆಯ ನಾತಕ್ಕೆ ಊಟದ ಹೊತ್ತಿನಲ್ಲಿ ನನ್ನ ಅಕ್ಕಪಕ್ಕ ಜಾಗ ಧಾರಾಳವಾಗಿತ್ತು. ವಾರ ಮುಗಿಯುವಷ್ಟರಲ್ಲಿ ಪಾದ ಬಿಳಿಚಿಕೊಂಡು, ಚರ್ಮ ಸುಲಿದು, ನೆಲಕ್ಕೆ ಊರಲು ಆಗದಂತಾಯಿತು. ಇದೇನು ಮಾಡಿಕೊಂಡೆ ಎಂದು ಕಾಂಪೌಂಡರ್ ಕೇಳಿದ. ನಾನು ಅಪ್ಪನ ಸುದ್ದಿ ಎತ್ತದೆ, ಬೂಟು ಬಾವಿಗೆ ಬಿದ್ದಿತ್ತು ಎಂದೆ.

"ಎರಡೂನಾ?" ಎಂದ. ಹೆಸರು ಹೊಡೆಸಿಬಿಟ್ಟ.

ಊರ ಕಡೆ ಬರುತ್ತಿದ್ದ ಯಾರದೋ ಗಾಡಿ ಹತ್ತಿ ಮನೆ ಸೇರಿದೆ. ಅಪ್ಪ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಬಾನಿಯೊಳಗೆ ಯಾರೂ ಕಾಲಿಡಕಿಲ್ಲ ಕಣ್ಲಾ. ನಂಗೆ ಹೊಳೀಲೇ ಇಲ್ಲ. ನಿಂಗೆ ಹೊಳೀಲಿಲ್ವಾ?"

"ಹೊಳೀತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಮಾತಾಡಿದೆಯಲ್ಲಪ್ಪಾ, ಅದಕ್ಕೆ."

ಅಪ್ಪ ಎದ್ದುಹೋದ. ಮಾರನೆಯ ಬೆಳಗ್ಗೆ ಗಾಡಿ ಹೂಡಿ, ಹುಲ್ಲು ಹಾಸಿ, ನನ್ನನ್ನು ಕೂರಿಸಿಕೊಂಡು ಶೆಡ್ಡಿಗೆ ಹೊರಟ. ಊರಿನಲ್ಲಿ ಯಾರ ಮುಂದೆಯೂ ತಲೆಬಾಗಿದವನಲ್ಲ. ಅಲ್ಲಿ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕಾಂಪೌಂಡರ್ ಮುಂದೆ ನಿಂತ.

"ತಪ್ಪು ನಂದು ಸ್ವಾಮಿ. ತೊಗಲು ನೆನೆಸಿದೋನು ನಾನು. ಹುಡುಗನ ಕೆಲಸ ಹುಡುಗನಿಗೆ ಕೊಡಿ."

ಕಾಂಪೌಂಡರ್ ಅಪ್ಪನನ್ನೂ ನನ್ನ ಕಾಲನ್ನೂ ನೋಡಿದ. ಹುಣ್ಣು ವಾಸಿಯಾದ ಮೇಲೆ ಕಳಿಸಿ, ಬೂಟಿಗೆ ಹರಳೆಣ್ಣೆಯಲ್ಲಿ ಮೇಣ ಕರಗಿಸಿ ತಿಕ್ಕಿ ನೆರಳಲ್ಲಿ ಒಣಗಿಸಿ ಎಂದ. "ಒಣಗಿಸೋದಾ?" ಎಂದು ಅಪ್ಪ ಒಂದೇ ಒಂದು ಸಲ ಕೇಳಿ ಸುಮ್ಮನಾದ.

ವಾಪಸು ಬರುವಾಗ ನನಗೆ ಬೆನ್ನು ಮಾಡಿ ಕೂತು ಗಾಡಿ ಹೊಡೆಯುತ್ತಿದ್ದ. ಅರ್ಧ ದಾರಿ ಕಳೆಯಿತು. ಮತ್ತೆ ಮಾತು ಬಿಟ್ಟನೇನೋ ಎಂದುಕೊಂಡೆ. ಆಗ ತಿರುಗದೆಯೇ ಕೇಳಿದ:

"ಆ ಲಾರೀನ ತೊಳೆಯೋದಂದ್ರೆ ಮೊದ್ಲು ಎಲ್ಲಿಂದ ಶುರು ಮಾಡ್ತೀಯಾ ಮಗ?"

"ಮೇಲಿಂದ ಕಣಪ್ಪಾ" ಎಂದೆ. ಊರು ಬರುವವರೆಗೂ ನಾನು ಹೇಳುತ್ತಲೇ ಇದ್ದೆ. ಅಪ್ಪ ನಡುನಡುವೆ "ಆಮೇಲೆ?" ಎನ್ನುತ್ತಿದ್ದ.