ಮೆಲ್ಕಾರಿನ ಸರಸಕ್ಕ ಮತ್ತು ಆರು ವಾಕ್ಯದ ಅರ್ಜಿ

ಬೆಳಿಗ್ಗೆ ಆರೂಕಾಲು. ಮೆಲ್ಕಾರ್ ಜಂಕ್ಷನ್ನಿನ ಹೋಟೆಲಿನವರು ಇನ್ನೂ ಬೆಂಚು ಒರೆಸುತ್ತಿದ್ದಾರೆ. ಪಕ್ಕದ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಕಂಪ್ಯೂಟರಿನ ಮುಂದೆ ಕೂತ ಸರಸ, ಎದುರಿನ ಸ್ಟೂಲಿನಲ್ಲಿರುವ ಮಾಜಿದಾ ಅವರನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರೆ.

ಮಾಜಿದಾ ಪಾಣೆಮಂಗಳೂರಿನ ನರ್ಸ್. ಹತ್ತು ಗಂಟೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಂದರ್ಶನ, ಏಳರ ಬಸ್ಸು ಹಿಡಿಯಬೇಕು. ಕೈಯಲ್ಲಿ ಪರಿಚಯದವರೊಬ್ಬರು ಬರೆದುಕೊಟ್ಟ ಎರಡು ಪುಟದ ಇಂಗ್ಲಿಷ್ ಅರ್ಜಿ.

"ನಿಮಗೆ ಉತ್ಕಟವಾದ ಅಭಿಲಾಷೆ ಉಂಟು ಅಂತ ಇದರಲ್ಲಿ ಬರೆದಿದೆ. ಅಚಲವಾದ ನಿಷ್ಠೆ ಉಂಟು ಅಂತ ಬರೆದಿದೆ. ನೀವು ಮಾಡಿದ ಕೆಲಸ ಎಂತದು?" ಸರಸ ಕೇಳುತ್ತಾರೆ.

"ಡಯಾಲಿಸಿಸ್ ವಾರ್ಡಿನಲ್ಲಿ ಇದ್ದೆ ಅಕ್ಕ. ನಾಲ್ಕು ವರ್ಷ."

"ಅದು ಇದರಲ್ಲಿ ಎಲ್ಲಿ ಉಂಟು?"

ಮಾಜಿದಾ ಹುಡುಕುತ್ತಾರೆ. ಎರಡನೇ ಪುಟದ ತಳದಲ್ಲಿ, ಹವ್ಯಾಸಗಳ ಪಟ್ಟಿಯ ಕೆಳಗೆ ಅದು ಸಿಗುತ್ತದೆ. ಸರಸರ ಮುಖ ಕೆಂಪಾಗುತ್ತದೆ. "ನಾಲ್ಕು ವರ್ಷ ರೋಗಿಗಳ ಹತ್ತಿರ ನಿಂತವರನ್ನು ಕೇರಂ ಬೋರ್ಡಿನ ಕೆಳಗೆ ಕೂರಿಸಿದ್ದಾರೆ ಮಾರಾಯ್ರೆ!" ಎಂದು ಪಕ್ಕದಲ್ಲಿ ಕೂತ ನನ್ನತ್ತ ತಿರುಗಿ ಹೇಳುತ್ತಾರೆ. ಹತ್ತು ನಿಮಿಷದಲ್ಲಿ ಎರಡು ಪುಟ ಒಂದಾಗುತ್ತದೆ. ಮೊದಲ ಸಾಲಿನಲ್ಲೇ ಡಯಾಲಿಸಿಸ್ ವಾರ್ಡು, ನಾಲ್ಕು ವರ್ಷ. ಮಾಜಿದಾ ಅದನ್ನು ಮಡಚದೆ ಫೈಲಿಗೆ ಸೇರಿಸಿ ಬಸ್ಸಿಗೆ ಓಡುತ್ತಾರೆ.

ಅಂಗಡಿಯ ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ರಬ್ಬರ್ ಸ್ಟಾಂಪ್ ಎಂದಿದೆ. ಸರಸ ಮಾಡುವ ಕೆಲಸದ ಹೆಸರು ಅದರಲ್ಲಿಲ್ಲ. ಆ ಕೆಲಸಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಜನ ಅವರನ್ನು ಟೈಪಿಸ್ಟ್ ಎನ್ನುತ್ತಾರೆ. ದಿನಕ್ಕೆ ಹದಿನೈದು ಇಪ್ಪತ್ತು ಕಾಗದಗಳು ಅವರ ಮುಂದೆ ಬರುತ್ತವೆ. ರಜಾ ಅರ್ಜಿ, ಕೆಲಸದ ಅರ್ಜಿ, ಕೊಲ್ಲಿಯ ಕಂಪೆನಿಗೆ ದೂರು, ಕಾಲೇಜಿಗೆ ಮನವಿ. ಹೆಚ್ಚಿನವು ಯಾರಿಗೂ ಅರ್ಥವಾಗದ ಇಂಗ್ಲಿಷಿನಲ್ಲಿ ಬಂದು, ಓದಿದವರಿಗೆ ತಿಳಿಯುವ ಇಂಗ್ಲಿಷಿನಲ್ಲಿ ಹೊರಗೆ ಹೋಗುತ್ತವೆ. ಒಂದಕ್ಕೂ ಅವರ ಸಹಿ ಇರುವುದಿಲ್ಲ.

ಐವತ್ತನಾಲ್ಕರ ಸರಸ ಹುಟ್ಟಿದ್ದು ಲಾಯಿಲದಲ್ಲಿ. ಬೆಳ್ತಂಗಡಿಯಲ್ಲಿ ಟೈಪಿಂಗ್ ಕಲಿತರು. ಗಂಡ ಮಸ್ಕತ್ತಿನ ಹೋಟೆಲಿನಲ್ಲಿದ್ದಾಗ ಆರು ವರ್ಷ ಅಲ್ಲಿನ ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡಿದರು. ಇಂಗ್ಲಿಷ್ ಕಲಿತದ್ದು ಅಲ್ಲೇ. "ಡಾಕ್ಟರು ಒಂದು ದೇಶ, ನರ್ಸು ಒಂದು ದೇಶ, ರೋಗಿ ಇನ್ನೊಂದು ದೇಶ. ದೊಡ್ಡ ಇಂಗ್ಲಿಷ್ ಯಾರಿಗೂ ಬರ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಎಲ್ಲವೂ ಅರ್ಥ ಆಗ್ತಿತ್ತು," ಎಂದು ನಗುತ್ತಾರೆ. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ಈ ಅಂಗಡಿ ಸೇರಿ ಹದಿಮೂರು ವರ್ಷವಾಯಿತು.

ಅವರ ಕೆಲಸಕ್ಕೆ ಒಂದು ಕ್ರಮವಿದೆ. ತಂದ ಕಾಗದವನ್ನು ಒಮ್ಮೆ ಓದಿ ಮಗುಚಿ ಇಡುತ್ತಾರೆ. ವಿಷಯವನ್ನು ತುಳುವಿನಲ್ಲಿ ಹೇಳಬೇಕು, ಮನೆಯಲ್ಲಿ ಹೇಳಿದ ಹಾಗೆ. ಕೇಳಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆದು, ಅದನ್ನು ತಿರುಗಿ ತುಳುವಿನಲ್ಲಿ ಓದಿ ಹೇಳುತ್ತಾರೆ. ಕೇಳಿದವರು "ಹೌದು, ನಾನು ಹೇಳಿದ್ದು ಇದೇ" ಎನ್ನಬೇಕು. ಇಲ್ಲದಿದ್ದರೆ ಹರಿದು ಮತ್ತೊಂದು.

ಅಂಗಡಿಯ ಮಾಲೀಕ ಉದಯಶಂಕರ ಅವರಿಗೆ ಇದು ತಲೆನೋವು. "ತಂದದ್ದನ್ನು ಹಾಗೇ ಟೈಪ್ ಹೊಡೆದು ಕೊಟ್ರೆ ಐದು ನಿಮಿಷ. ಇವರು ಅರ್ಧ ಗಂಟೆ ಪಾಟೀಸವಾಲು ಮಾಡ್ತಾರೆ. ಕೆಲವರು ಕೋಪ ಮಾಡಿಕೊಂಡು ಎದುರಿನ ಅಂಗಡಿಗೆ ಹೋಗ್ತಾರೆ," ಎನ್ನುತ್ತಾರೆ. ಆದರೂ ಸರಸರನ್ನು ಅವರು ತಡೆಯುವುದಿಲ್ಲ. ಕಾರಣ ಕೇಳಿದರೆ ಜೆರಾಕ್ಸ್ ಯಂತ್ರದ ಕಡೆ ನೋಡಿ, "ಚನಿಯಪ್ಪನದ್ದು ಕೇಳಿ," ಎನ್ನುತ್ತಾರೆ.

ಚನಿಯಪ್ಪ ನೆರಿಯದ ಕಾಡಂಚಿನಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು. ಮೂರು ವರ್ಷದ ಹಿಂದೆ ವಿದ್ಯುತ್ ಗೋಪುರ ನಿಲ್ಲಿಸಲು ಬಂದ ಖಾಸಗಿ ಕಂಪೆನಿಯೊಂದು ತನ್ನ ಲಾರಿಗಳಿಗೆ ದಾರಿ ಮಾಡಲು ಅಲ್ಲಿನ ಹಳ್ಳದ ಕಾಲುಸಂಕವನ್ನು, ಅಂದರೆ ಜನ ನಡೆದು ದಾಟುವ ಸಣ್ಣ ಸೇತುವೆಯನ್ನು, ಕಿತ್ತಿತು. ಕೆಲಸ ಮುಗಿದ ಮೇಲೆ ಹೊಸದು ಹಾಕಿಕೊಡುತ್ತೇವೆ ಎಂದಿತ್ತು. ಗೋಪುರ ಎದ್ದಿತು, ಲಾರಿಗಳು ಹೋದವು, ಸಂಕ ಬರಲಿಲ್ಲ. ಹಳ್ಳದಾಚೆ ಹದಿನೇಳು ಮನೆಗಳಿವೆ.

ಕಂಪೆನಿಯ ಮುಖ್ಯ ಕಚೇರಿ ದೂರದ ಊರಿನಲ್ಲಿ. ಅಲ್ಲಿಗೆ ಇಂಗ್ಲಿಷೇ ಆಗಬೇಕು. ನಿವೃತ್ತ ಅಧಿಕಾರಿಯೊಬ್ಬರು ಮೂರು ಪುಟ ಬರೆದುಕೊಟ್ಟರು. ಕಂಪೆನಿಯ ಶಾಖೆ ಮೆಲ್ಕಾರಿನಲ್ಲಿ ಇದ್ದುದರಿಂದ ಚನಿಯಪ್ಪ ಅದನ್ನು ಈ ಅಂಗಡಿಯಲ್ಲೇ ಟೈಪ್ ಮಾಡಿಸಿ ಶಾಖೆಗೆ ಕೊಟ್ಟುಹೋದರು. ಒಂದೂವರೆ ಪುಟ ಬರೀ ನಮಸ್ಕಾರ, ವಿನಂತಿ, ಕಂಪೆನಿಯ ಗುಣಗಾನ. 'ಕೈಂಡ್ಲಿ ಡೂ ದ ನೀಡ್‌ಫುಲ್', ಆಗಬೇಕಾದ್ದನ್ನು ದಯವಿಟ್ಟು ಮಾಡಿ ಎಂಬ ಮಾತು, ನಾಲ್ಕು ಕಡೆ ಇತ್ತು. ಆಗಬೇಕಾದ್ದು ಏನು ಎಂಬುದು ಮೂರನೇ ಪುಟದಲ್ಲಿ, ಅದೂ 'ಪಾದಚಾರಿ ಸಂಚಾರಕ್ಕೆ ಪೂರಕವಾದ ಮೇಲ್ಕಂಡ ಸಂರಚನೆ' ಎಂಬ ಧಾಟಿಯಲ್ಲಿ. ಸಂಕ ಎಂದು ಹೇಳಲು ಇಷ್ಟು ಒದ್ದಾಟ!

ಕಂಪೆನಿಯ ಉತ್ತರ ಬಂತು. ಅದರ ಇಂಗ್ಲಿಷಿನ ಸಾರ ಹೀಗೆ: 'ತಮ್ಮ ಗೌರವಾನ್ವಿತ ಮನವಿಯನ್ನು ಹರ್ಷದಿಂದ ಸ್ವೀಕರಿಸಲಾಗಿದ್ದು, ಪ್ರಸಕ್ತ ಯೋಜನೆಯ ವ್ಯಾಪ್ತಿ ಪೂರ್ಣಗೊಂಡಿರುವ ಹಿನ್ನೆಲೆಯಲ್ಲಿ, ಮುಂದೆ ಸೂಕ್ತ ಕಾಲದಲ್ಲಿ, ಸೂಕ್ತವೆಂದು ಕಂಡುಬಂದಲ್ಲಿ ಪರಿಗಣಿಸುವ ಬಗ್ಗೆ ಅವಲೋಕಿಸಲಾಗುವುದು.' ಕೆಳಗೆ ಸಹಿ, ನೀಲಿ ಮೊಹರು. ಆಗುವುದಿಲ್ಲ ಎನ್ನುವ ಕಾಗದ ಇದು. ಆದರೆ ಆಗುವುದಿಲ್ಲ ಎಂಬ ಮಾತು ಎಲ್ಲೂ ಇಲ್ಲ. ಸಹಿ, ಮೊಹರು ನೋಡಿದ ಹದಿನೇಳು ಮನೆಯವರು ಸಂಕ ಮಂಜೂರಾಯಿತು ಎಂದೇ ತಿಳಿದರು. ಚನಿಯಪ್ಪ ಬೆಳ್ತಂಗಡಿಗೆ ಹೋಗಿ ಅದನ್ನು ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ತೂಗುಹಾಕಿದರು. ಮಂಜೂರಾದದ್ದನ್ನು ಮತ್ತೆ ಮತ್ತೆ ಕೇಳುವುದು ಮರ್ಯಾದೆಯಲ್ಲ ಎಂದು ಸುಮ್ಮನೆ ಕಾದರು. ಎರಡು ಮಳೆಗಾಲ ಹೋಯಿತು. ಕಳೆದ ಜುಲೈಯಲ್ಲಿ ಅವರ ಹೆಂಡತಿ ಅಮ್ಮಣ್ಣಿಗೆ ಜ್ವರ ಏರಿದಾಗ ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ನಾಲ್ವರು ಹೊತ್ತು ದಾಟಿಸಿದರು. ಆಗಲೂ ಆ ಕಾಗದ ಗೋಡೆಯ ಮೇಲೆ ಹೊಳೆಯುತ್ತಿತ್ತು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅರ್ಜಿ ಬರೆದವರಿಗೆ ತಮ್ಮ ಇಂಗ್ಲಿಷ್ ತೋರಿಸಬೇಕಿತ್ತು, ಉತ್ತರಿಸಿದವರಿಗೆ ಕೊಟ್ಟ ಮಾತಿನಿಂದ ನುಣುಚಿಕೊಳ್ಳಬೇಕಿತ್ತು. ಇಬ್ಬರ ಕೆಲಸವೂ ಸುಸೂತ್ರವಾಗಿ ಆಯಿತು. ನೀರಿಗಿಳಿದವರು ಬೇರೆ.

ಈ ಜನವರಿಯಲ್ಲಿ ಚನಿಯಪ್ಪ ಆ ಲ್ಯಾಮಿನೇಶನ್ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಕಾರಿಗೆ ತಂದರು. ಮನೆಗೊಂದರಂತೆ ಹದಿನೇಳು ಜೆರಾಕ್ಸ್ ಬೇಕಿತ್ತು. ಸರಸ ಅದನ್ನು ಯಂತ್ರದ ಮೇಲೆ ಇಡುವ ಮೊದಲು ಓದಿದರು.

"ಅವರ ಅರ್ಜಿ ಟೈಪ್ ಮಾಡಿದ್ದು ನಾನೇ," ಎನ್ನುತ್ತಾರೆ ಸರಸ. "ಆಗಲೇ ಗೊತ್ತಾಗಿತ್ತು ನನಗೆ, ಇದರಲ್ಲಿ ವಿಷಯ ಇಲ್ಲ ಅಂತ. ಕೇಳಿಕೊಂಡು ಬಂದವರಿಗೆ ಮಾತ್ರ ಸರಿಮಾಡಿ ಕೊಡ್ತಿದ್ದೆ. ದೊಡ್ಡವರು ಬರೆದು ಕೊಟ್ಟದ್ದಕ್ಕೆ ನಾನು ಯಾಕೆ ಕೈ ಹಾಕುವುದು ಅಂತ ಸುಮ್ಮನಿದ್ದೆ. ಅಮ್ಮಣ್ಣಿ ಕುರ್ಚಿಯಲ್ಲಿ ಹಳ್ಳ ದಾಟಬೇಕಾಗಿ ಬಂದದ್ದರಲ್ಲಿ ನನ್ನ ಪಾಲೂ ಉಂಟು."

ಕಾಗದದಲ್ಲಿ ಇರುವುದನ್ನು ಅವರು ತುಳುವಿನಲ್ಲಿ ಓದಿ ಹೇಳಿದರು. ಚನಿಯಪ್ಪ ನಂಬಲಿಲ್ಲ, ಇನ್ನೊಮ್ಮೆ ಓದಿಸಿದರು. ಆಮೇಲೆ ಬಟ್ಟೆಯನ್ನಷ್ಟೇ ಮಡಚಿ ಇಟ್ಟುಕೊಂಡು, ಕಾಗದವನ್ನು ಮೇಜಿನ ಮೇಲೇ ಬಿಟ್ಟರು. ಅಂದೇ ಹೊಸ ಅರ್ಜಿ ತಯಾರಾಯಿತು. ಅದರ ಪ್ರತಿ ನನ್ನ ಮುಂದಿದೆ. ಕನ್ನಡದಲ್ಲಿ ಅದು ಇಷ್ಟು: 'ನಿಮ್ಮ ಲಾರಿಗಳಿಗಾಗಿ ನೀವು ನಮ್ಮ ಕಾಲುಸಂಕ ಕಿತ್ತಿರಿ. ಹೊಸದು ಹಾಕಿಕೊಡುತ್ತೇವೆ ಎಂದಿರಿ. ಎರಡು ಮಳೆಗಾಲ ಕಳೆಯಿತು. ಮಳೆ ಬಂದರೆ ಹದಿನೇಳು ಮನೆಯವರು ಹಳ್ಳದಾಚೆ ಸಿಕ್ಕಿಬೀಳುತ್ತೇವೆ. ಕಳೆದ ಜುಲೈಯಲ್ಲಿ ಜ್ವರ ಬಂದ ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಹೊತ್ತು ನೀರು ದಾಟಿಸಿದೆವು. ಯಾವ ದಿನ ಸಂಕ ಹಾಕುತ್ತೀರಿ?'

ಚನಿಯಪ್ಪರಿಗೆ ಸಮಾಧಾನವಾಗಲಿಲ್ಲವಂತೆ. "ಇಷ್ಟು ಗಿಡ್ಡ ಕಾಗದಕ್ಕೆ ಬೆಲೆ ಉಂಟಾ ಅಕ್ಕ? ಸೀದಾ ಕೇಳಿದ ಹಾಗೆ ಆಗ್ತದೆ," ಎಂದರು. "ಸೀದಾ ಕೇಳಲಿಕ್ಕೇ ಅಲ್ವಾ ನೀವು ಎರಡು ಬಸ್ಸು ಹತ್ತಿ ಬಂದದ್ದು?" ಎಂದು ಕೇಳಿ, ಅವರ ಸಮಾಧಾನಕ್ಕೆ ಮೇಲೊಂದು 'ರೆಸ್ಪೆಕ್ಟೆಡ್ ಸರ್' ಹಾಕಿಕೊಟ್ಟರು ಸರಸ. ಅವತ್ತಿನಿಂದ ಯಾವ ದೊಡ್ಡವರ ಕರಡನ್ನೂ ಅವರು ಹಾಗೇ ಟೈಪ್ ಮಾಡಿಲ್ಲ.

ಹತ್ತೊಂಬತ್ತನೇ ದಿನ ಉತ್ತರ ಬಂತು. ಎರಡೇ ಸಾಲು. ಅಳತೆಗೆ ಇಂಜಿನಿಯರ್ ಬರುತ್ತಾರೆ, ಯಾರ ಮನೆಗೆ ಬರಬೇಕು ತಿಳಿಸಿ. ಇಂಜಿನಿಯರ್ ಬಂದರು, ಹಳ್ಳದ ಎರಡೂ ದಡದ ಬಂಡೆಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಅದಾಗಿ ಎರಡು ತಿಂಗಳು ಕಳೆದಿದೆ. ಸಂಕ ಇನ್ನೂ ಬಂದಿಲ್ಲ. ಮಳೆಗೆ ಉಳಿದಿರುವುದು ಐದೇ ವಾರ. ಸರಸ ಪ್ರತಿ ಸೋಮವಾರ ಕಂಪೆನಿಗೆ ಒಂದು ಸಾಲು ಬರೆಯುತ್ತಾರೆ: ಯಾವ ದಿನ?

ಬೋರ್ಡಿನಲ್ಲಿ ನಿಮ್ಮ ಕೆಲಸದ ಹೆಸರೂ ಬರಬೇಕಲ್ಲವೇ ಎಂದು ನಾನು ಕೇಳುತ್ತೇನೆ. "ಬೋರ್ಡು ಎಂತಕ್ಕೆ?" ಎನ್ನುತ್ತಾ ಅವರು ಮೇಜಿನ ಖಾನೆ ಎಳೆಯುತ್ತಾರೆ. ಒಳಗೆ ಚನಿಯಪ್ಪ ಬಿಟ್ಟುಹೋದ ಆ ಹಳೆಯ ಕಾಗದ, ಅದರ ಮೇಲೆ ಲ್ಯಾಮಿನೇಶನ್ನಿನ ಒಂದು ಖಾಲಿ ಹಾಳೆ ಇದೆ.

"ಸಂಕ ಆದ ದಿನ ಅಮ್ಮಣ್ಣಿ ಅದರ ಮೇಲೆ ನಡೆಯುವ ಫೋಟೋ ತರಲಿಕ್ಕೆ ಹೇಳಿದ್ದೇನೆ," ಎನ್ನುತ್ತಾರೆ ಸರಸ. "ಅದನ್ನು ನಾನೇ ಲ್ಯಾಮಿನೇಶನ್ ಮಾಡಿ ಕೊಡ್ತೇನೆ. ಅವರ ಮನೆಯ ಗೋಡೆಯಲ್ಲಿ ಆ ಜಾಗ ಖಾಲಿ ಉಂಟಲ್ಲ."