ಸೆಗ ಎಂದರೆ ಸೆಕೆಯಲ್ಲ

ಚಳ್ಳಕೆರೆ ಕಡೆಯ ನಮ್ಮೂರಲ್ಲಿ ಬೇಸಿಗೆಯ ಕಾವಿಗೆ ಸೆಕೆ ಅನ್ನುತ್ತೇವೆ. ನಾನು ಸೊಸೆಯಾಗಿ ಹೋದ ಮೊಳಕಾಲ್ಮುರಿನ ಮನೆಯಲ್ಲಿ ಅರ್ಧ ಮಾತು ತೆಲುಗು. ನನಗೆ ಬರುತ್ತಿದ್ದದ್ದು ರಾ, ಪೋ ಅಷ್ಟೇ. ಉಳಿದದ್ದಕ್ಕೆಲ್ಲ ಊಹೆಯ ಮೇಲೆ ತಲೆಯಾಡಿಸುತ್ತಿದ್ದೆ. ಆ ಚಾಳಿಯೇ ನನ್ನ ಮಾನ ಕಳೆಯಿತು.

ನಮ್ಮವರು ರೇಷ್ಮೆ ಸೀರೆಯ ಗಂಟು ಹೊತ್ತು ಬಳ್ಳಾರಿಗೆ ಮಾರಲು ಹೋಗುತ್ತಿದ್ದರು. ಒಂದು ಸಲ ಹಿಂತಿರುಗಿದವರು ಉಚ್ಚೆಗೆ ಕೂತರೆ ಉರಿ ಎಂದು ನರಳತೊಡಗಿದರು. "ವಾನಿಕಿ ಸೆಗ," ಅವನಿಗೆ ಸೆಗ, ಎಂದು ಅತ್ತೆ ಪಕ್ಕದ ಮನೆಯವಳಿಗೆ ಹೇಳಿದ್ದು ಕಿವಿಗೆ ಬಿತ್ತು. ಸೆಕೆ ಎಂದುಕೊಂಡೆ. ಬಿಸಿಲಲ್ಲಿ ತಿರುಗಿದ ಮೈ, ಕಾದಿರಬೇಕು. ನೆತ್ತಿಗೆ ಹರಳೆಣ್ಣೆ ತಟ್ಟಿದೆ, ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಸಿದೆ. ಅವರು ಬಿಸಿಲಿನ ಕಾವೇ ಎಂಬಂತೆ ಕುಡಿದರು. ಅವರಿಗಂತೂ ತೆಲುಗು ಚೆನ್ನಾಗಿ ಬರುತ್ತಿತ್ತು.

ಸ್ವಲ್ಪ ದಿನಕ್ಕೆ ನನಗೂ ಉರಿ ಶುರುವಾಯಿತು. ಬಿಳಿಸೆರಗು, ಕಿಬ್ಬೊಟ್ಟೆ ಹಿಂಡುವ ನೋವು. ಕಾದ ಬಂಡೆಯ ಮೇಲೆ ಕೂತಿದ್ದಕ್ಕೆ ಎಂದಳು ಒಬ್ಬಳು. ಯಾರೋ ಉಚ್ಚೆ ಹೊಯ್ದ ಜಾಗ ದಾಟಿದ್ದಕ್ಕೆ ಎಂದಳು ಇನ್ನೊಬ್ಬಳು. ಎರಡನ್ನೂ ನಂಬಿದೆ. ಬಟ್ಟೆಯನ್ನು ಯಾರೂ ಏಳುವ ಮುಂಚೆ ಒಗೆದು ಸೌದೆಯ ಹಿಂದೆ ಒಣಗಿಸುತ್ತಿದ್ದೆ. ನನ್ನ ಮೈಯೇ ನನಗೆ ಹೇಸಿಗೆ ಅನ್ನಿಸುತ್ತಿತ್ತು. ವರ್ಷಗಳು ಕಳೆದರೂ ಬಸಿರು ನಿಲ್ಲಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ತರುವ ಮಾತು ಎದ್ದಾಗ, ಕೊನೆಯ ಪ್ರಯತ್ನವೆಂದು ಅತ್ತೆ ನನ್ನನ್ನು ಚಳ್ಳಕೆರೆಯ ಆಸ್ಪತ್ರೆಗೆ ಗಾಡಿಯಲ್ಲಿ ಕರೆದೊಯ್ದರು.

ಜಗಲಿ ತುಂಬ ಹೆಂಗಸರು, ಹೆಚ್ಚಿನವರು ತೆಲುಗು ಬಲ್ಲವರು. ಆಸ್ಪತ್ರೆಯ ಸೂಲಗಿತ್ತಿಯಮ್ಮ ಅಲ್ಲೇ ಕೇಳಿದರು: "ಗಂಡಂಗೆ ಯಾವಾಗ್ಲಾದ್ರೂ ಉರಿ ಇತ್ತೇನಮ್ಮ?"

ನನ್ನ ಜಾಣತನ ನೋಡಿ, ಗಟ್ಟಿಯಾಗಿ ಹೇಳಿದೆ. "ಹೂನ್ರಿ, ಸೆಗ ಆಗಿತ್ತು. ಬಳ್ಳಾರಿ ಬಿಸ್ಲು ಅಂದ್ರೆ ಸುಮ್ನೇನಾ?"

ಜಗಲಿಯವರೆಲ್ಲ ಬಾಯಿಗೆ ಸೆರಗು ಹಿಡಿದರು. ಸೂಲಗಿತ್ತಿಯಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು, ದನಿ ತಗ್ಗಿಸಿ ಹೇಳಿದರು: "ಸೆಗ ಅಂದ್ರೆ ಬಿಸ್ಲಿಗೆ ಬರೋದಲ್ಲಮ್ಮ, ಗುಪ್ತರೋಗ. ಹೊರಗಡೆ ಸಹವಾಸ ಮಾಡಿದ ಗಂಡಸ್ರು ತಂದು ಹೆಂಡ್ತಿಗೆ ಹಚ್ಚೋದು. ಇನ್ನು ನಿಂಗೆ ಗರ್ಭ ಕಟ್ಟೋದು ಕಷ್ಟ ಐತೆ." ಅತ್ತೆ ಗೋಡೆ ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ ಮಹರಾಯ ಬಳ್ಳಾರಿಯಲ್ಲಿದ್ದ, ಉಂಡವಳು ನಾನು. ಅವ್ವನಿಗೂ ಹೇಳಲು ಬಾಯಿ ಬರಲಿಲ್ಲ.

ಸ್ವಲ್ಪ ದಿನಕ್ಕೆ ರಾಯದುರ್ಗದಿಂದ ಒಬ್ಬಾಕೆ ಮಗಳನ್ನು ಕೊಡುವ ಮಾತಿಗೆ ಬಂದಳು. ಸವತಿ ಬರುವ ಸಂಕಟಕ್ಕಿಂತ, ಇನ್ನೊಂದು ಹೆಣ್ಣು ನನ್ನ ಹಾಗೆ ಉರಿಯಬೇಕಲ್ಲ ಎಂಬುದು ನನ್ನನ್ನು ಸುಡುತ್ತಿತ್ತು. ಆಕೆಯನ್ನು ಹಿತ್ತಲಿಗೆ ಕರೆದು, ತಲೆ ಎತ್ತದೆ ಹೇಳಿದೆ: "ಮಗಳ್ನ ಕೊಡಬ್ಯಾಡಮ್ಮ. ಅವ್ರಿಗೆ ಸೆಗ ಐತೆ."

"ಗೊತ್ತು ಬಿಡಮ್ಮ," ಎಂದಳು ಆಕೆ. "ನಿಮ್ಮತ್ತೆ ಮುಂಚೇನೇ ಹೇಳಿದ್ರು. ನೀನು ತವರಿಂದ ತಂದಿದ್ದಂತೆ, ಪಾಪ ಅವ್ರಿಗೆ ಹತ್ತಿಸ್ದಂತೆ. ಅವ್ರಿಗೆ ಈಗ ವಾಸಿ ಆಗೈತಂತೆ."

ಸುಳ್ಳು ಅನ್ನಬೇಕಿತ್ತು. ಏನೂ ಮಾಡದ ನಾನೇ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಆಕೆ ನನ್ನ ಸೀರೆ ತಾಕದ ಹಾಗೆ ಪಕ್ಕಕ್ಕೆ ಸರಿದು ಒಳಗೆ ಹೋದಳು. ಅಲ್ಲಿ ನಮ್ಮವರು ಮಡಿ ಪಂಚೆ ಉಟ್ಟು ತಾಂಬೂಲಕ್ಕೆ ಕೂತಿದ್ದರು.